ಜೋಳದ ಹೊಲಕ್ಕೆ ಕಟ್ಟಿದ ಹಾಡು

ಗುಂಡಗುರ್ತಿಯ ಸುತ್ತ ಈಗ ಎಲ್ಲಿ ನೋಡಿದರೂ ತೊಗರಿ. ಜೋಳ ಬಿತ್ತುವವರನ್ನು ಬೆರಳ ಮೇಲೆ ಎಣಿಸಬಹುದು, ಅವರಲ್ಲಿ ಮಾಳಮ್ಮನೂ ಒಬ್ಬಳು. "ಪ್ಯಾಟಿ ಜೋಳದ ರೊಟ್ಟಿ ನನ್ನ ಗಂಟಲದಾಗ ಇಳಿಯಂಗಿಲ್ಲ" ಎಂದು ಹಟ ಹಿಡಿದು ವರ್ಷವೂ ಎರಡು ಎಕರೆ ಬಿಳಿಜೋಳ ಹಾಕಿಸುತ್ತಿದ್ದಳು. ಆ ಕಡೆಗೆಲ್ಲ ಒಂದೇ ಜೋಳದ ಹೊಲವಾದರೆ ಊರ ಹಕ್ಕಿಗಳಾದರೂ ಎಲ್ಲಿಗೆ ಹೋಗಬೇಕು? ತೆನೆ ಹಾಲುಗಾಳಾಗುವ ಹೊತ್ತಿಗೆ ಸರಿಯಾಗಿ ಗುಬ್ಬಿ, ಗಿಳಿ, ಬೆಳವ ಎಲ್ಲ ಬೀಗರ ಮನೆಗೆ ಬಂದಂತೆ ಬಂದು ಇಳಿಯುತ್ತಿದ್ದವು.

ಅದಕ್ಕೆ ಮದ್ದು ಕಂಡುಹಿಡಿದವನು ಮಗ ರಮೇಶಕುಮಾರ. ಹಳೆಯ ಕ್ಯಾಸೆಟ್ಟಿನ ಟೇಪು ಬಿಚ್ಚಿ ಗೂಟದಿಂದ ಗೂಟಕ್ಕೆ ಬಿಗಿದು ಕಟ್ಟಿದರೆ ಅದು ಬಿಸಿಲಿಗೆ ಮಿಂಚುತ್ತದೆ, ಗಾಳಿಗೆ ಗುಂಯ್ ಅನ್ನುತ್ತದೆ, ಹಕ್ಕಿ ಹತ್ತಿರ ಸುಳಿಯುವುದಿಲ್ಲ. ಅವನ ಹತ್ತಿರ ಕ್ಯಾಸೆಟ್ಟಿಗೇನು ಬರ? ಕೆಟ್ಟವನ್ನೆಲ್ಲ ಅಟ್ಟದ ಮೇಲಿನ ಬಿಸ್ಕೀಟು ಡಬ್ಬಿಯಲ್ಲಿ ಹಾಕಿಡುತ್ತಿದ್ದ. ಎಳ್ಳಮಾಸೆ ಹಬ್ಬ ದಾಟಿದ ಮೇಲೆ ಮಾಳಮ್ಮ ಡಬ್ಬಿ ಇಳಿಸುವಳು, ಹೊಲಕ್ಕೆ ಹೋಗುವಳು. ಏಳೆಂಟು ವರ್ಷದಿಂದ ಹೀಗೇ ನಡೆದಿತ್ತು.

ರಮೇಶನಿಗೆ ನಲವತ್ತನಾಲ್ಕು. ಚಿತ್ತಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ. ಕುಡಿತವಿಲ್ಲ, ಇಸ್ಪೀಟಿಲ್ಲ, ಆದರೆ ಹಾಡಿನ ಹುಚ್ಚು. ಅದೂ ನಾಲ್ಕು ಮಂದಿ ಕೇಳುವ ಹಾಡಲ್ಲ. ಗಿಟಾರು, ಡ್ರಮ್ಮಿನ ರಾಕ್ ಹಾಡು. ಅದರಲ್ಲೂ ಹೆಸರು ಮಾಡಿದವರದು ಅವನಿಗೆ ಬೇಡ. ಒಂದೇ ರೆಕಾರ್ಡು ಮಾಡಿ ಕಾಣೆಯಾದವರು, ಹಾಡು ಬಿಟ್ಟು ಬಸ್ಸು ಹೊಡೆಯಲು ಹೋದವರು, ಇಂಥವರನ್ನು ಎಲ್ಲೆಲ್ಲಿಂದಲೋ ಹುಡುಕಿ ತೆಗೆದು ಇಂಟರ್ನೆಟ್ಟಿನ ತನ್ನ ಚಾನಲ್ಲಿನಲ್ಲಿ ಪರಿಚಯ ಮಾಡಿಸುವನು. ಕೇಳುವವರು ಇನ್ನೂರು ಮುನ್ನೂರು ಮಂದಿ. ಊಟಕ್ಕೆ ಕೂತರೂ ಅದೇ ಮಾತು.

"ಯವ್ವಾ, ಇವನ ಹಾಡು ನಲವತ್ತು ವರ್ಷ ಯಾರೂ ಕೇಳಿದ್ದಿಲ್ಲ. ಡ್ರಮ್ಮು ಒಂದು ಅರೆಗಳಿಗಿ ತಡ ಬೀಳ್ತದ ನೋಡು. ಅದೇ ಅದರ ರುಚಿ."

"ಯಾರೂ ಕೇಳಿಲ್ಲಂದ್ರ ಕೇಳೂ ಹಂಗ ಇದ್ದಿಲ್ಲಂತ ತಿಳಕೊ. ತಗಡು ಬಡಿಯೂದು ಬಂದ್ ಮಾಡು, ರೊಟ್ಟಿ ಆರ್ತದ."

ಇಪ್ಪತ್ತೈದು ವರ್ಷದಿಂದ ಮಗನ ಹಾಡಿಗೆ ಮಾಳಮ್ಮ ಹೇಳಿದ್ದು ಅದೊಂದೇ ಮಾತು: ಬಂದ್ ಮಾಡು. ಅವನೂ ನಕ್ಕು ಬಂದ್ ಮಾಡುತ್ತಿದ್ದ.

ಈ ಸಲ ಎಳ್ಳಮಾಸೆ ಕಳೆದು ಎಂಟು ದಿನಕ್ಕೆ ಅವಳು ಡಬ್ಬಿ ತೆರೆದಾಗ ಮೇಲೆಯೇ ಹಸಿರು ಅರಿವೆಯಲ್ಲಿ ಸುತ್ತಿದ ದೊಡ್ಡ ಚಕ್ರವಿತ್ತು. ಸಣ್ಣ ಕ್ಯಾಸೆಟ್ಟಲ್ಲ, ಊಟದ ತಾಟಿನಷ್ಟು ಅಗಲ, ಅದರ ತುಂಬ ಕಂದು ಬಣ್ಣದ ಟೇಪು. ಮಾಳಮ್ಮನಿಗೆ ಹಿಗ್ಗಾಯಿತು. ಸಣ್ಣವನ್ನು ಗಂಟು ಹಾಕಿ ಹಾಕಿ ತಾಯಿಯ ಬೆರಳು ನೋಯುತ್ತವೆಂದು ಮಗನಿಗೆ ಕಡೆಗೂ ತಿಳಿಯಿತಲ್ಲ ಅಂದುಕೊಂಡಳು. ಅರಿವೆಯನ್ನು ಮಡಚಿ ಡಬ್ಬಿಯಲ್ಲಿಟ್ಟು, ಚಕ್ರ ಹೊತ್ತು ಹೊಲಕ್ಕೆ ಹೋಗಿ, ಒಂದೇ ದಿನದಲ್ಲಿ ನಾಲ್ಕೂ ಬದುವಿನ ಗುಂಟ, ನಡುವೆ ಎರಡು ಸಾಲು, ಬಿಗಿಯಾಗಿ ಕಟ್ಟಿ ಬಂದಳು. ಆ ವರ್ಷ ಹೊಲ ಹಾಡಿದಷ್ಟು ಯಾವ ವರ್ಷವೂ ಹಾಡಿರಲಿಲ್ಲ.

ಹದಿನೈದು ದಿನವಾಗಿತ್ತು. ರವಿವಾರ ಮಧ್ಯಾಹ್ನ ರಮೇಶ ಯಾರೊಂದಿಗೋ ಫೋನಿನಲ್ಲಿ ಮಾತಾಡುತ್ತ ಅಟ್ಟ ಹತ್ತಿದ. "ಹೌದ್ರಿ ದಸ್ತಗೀರ ಚಾಚಾ, ಬುಧವಾರ ಹೈದ್ರಾಬಾದಿಂದ ಮಷಿನ್ ಬರ್ಲಿಕತ್ತದ. ಪಕ್ಕಾ." ಮಾಳಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಗಂಡ ಸಂಗಣ್ಣ ಉಣ್ಣುತ್ತಿದ್ದ, ಸೊಸೆ ಲಕ್ಷ್ಮಿ ಪುಂಡಿಪಲ್ಯ ಬಡಿಸುತ್ತಿದ್ದಳು. ರಮೇಶ ಹಸಿರು ಅರಿವೆ ಹಿಡಿದುಕೊಂಡು ಇಳಿದ.

"ಯವ್ವಾ, ಇದರಾಗಿಂದು ಎಲ್ಲದ?"

"ಹೊಲದಾಗ ಅದಲ್ಲ. ಭಾಳ ಚಲೋದಿತ್ತಪ್ಪಾ ಈ ಸಲದ್ದು. ಮುಂದಿನ ವರ್ಷನೂ ಹಂತಾದ್ದೇ ಒಂದು ತಾ."

ರಮೇಶ ಚಪ್ಪಲಿ ಹಾಕಿಕೊಳ್ಳದೆ ಹೊರಗೆ ಹೋದ. ಗಾಡಿ ಸುರುವಾದ ಸದ್ದು ಕೇಳಿತು. ಮಾಳಮ್ಮ ಸೊಸೆಯ ಮುಖ ನೋಡಿದಳು. ಲಕ್ಷ್ಮಿಯ ಕೈಯಲ್ಲಿ ಸೌಟು ನಿಂತೇ ಇತ್ತು.

"ಅತ್ತಿ, ಅದು ಕೆಟ್ಟಿದ್ದಲ್ರಿ. ಮಂದೀದು. ವಾಡಿಯವ್ರದು."

ಆಗ ಲಕ್ಷ್ಮಿ ಎಲ್ಲ ಹೇಳಿದಳು. ದೀಪಾವಳಿ ಮುಂದೆ ಗುಲಾಮ ದಸ್ತಗೀರ ಎಂಬ ಮುದುಕ, ರೈಲ್ವೆಯಲ್ಲಿ ಫಿಟ್ಟರ್ ಆಗಿ ರಿಟೈರ್ ಆದವನು, ಮೊಬೈಲು ರಿಪೇರಿಗೆಂದು ಅಂಗಡಿಗೆ ಬಂದಿದ್ದ. ಅಂಗಡಿಯಲ್ಲಿ ಹಾಡು ಹಚ್ಚಿತ್ತು. ಮುದುಕ ಕೌಂಟರಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತ, ನಾವೂ ವಾಡಿ ಜಂಕ್ಷನ್ನಿನಲ್ಲಿ ಇಂಥದೇ ಬಾರಿಸುತ್ತಿದ್ದೆವು ಅಂದ. ಐವತ್ತು ವರ್ಷದ ಹಿಂದೆ ರೈಲ್ವೆ ಹುಡುಗರದೊಂದು ಬ್ಯಾಂಡು, ಹೆಸರು ಲೂಪ್‌ಲೈನ್. ಅವನದು ಗಿಟಾರು. ಹಾಡುವವಳು ಹಮೀದಾಬೇಗಂ, ಗಾರ್ಡಿನ ಮಗಳು, ಮುಂದೆ ಅವನ ಹೆಂಡತಿಯಾದವಳು. ಒಂದೇ ಒಂದು ಸಲ ಟೇಪಿಗೆ ತುಂಬಿದ್ದು, ಐದು ಹಾಡು. ಅದೇ ಆ ಚಕ್ರ.

"ಆ ಹೆಣ್ಮಗಳಿಗಿ ಹೋದ ವರ್ಷ ಗಂಟಲದ ಆಪರೇಷನ್ ಆಗ್ಯಾದ್ರಿ ಅತ್ತಿ. ದನಿಪೆಟ್ಟಿಗಿನೇ ತೆಗದಾರ. ಈಗ ಪಾಟಿ ಮ್ಯಾಲ ಬರದು ತೋರಸ್ತಾಳ. ಆಕಿ ದನಿ ಅನ್ನೂದು ಉಳದಿದ್ದು ಅದರಾಗ ಅಷ್ಟೇ."

ಹಂಚಿನ ಮೇಲಿನ ರೊಟ್ಟಿ ಹೊತ್ತಿ ಹೊಗೆಯಾಡಿತು. ಮಾಳಮ್ಮನಿಗೆ ಅದು ಕಾಣಲೇ ಇಲ್ಲ.

ಸಂಜೆ ರಮೇಶ ಬರುವಾಗ ಅಂಗಿಯ ಜೇಬಿನಲ್ಲಿ ಒಂದು ಮಾರು ಟೇಪು ಇತ್ತು. ಹುರಿಗೊಂಡು, ಅಲ್ಲಲ್ಲಿ ಸವೆದು, ಬೆಳಕಿಗೆ ಹಿಡಿದರೆ ಆಚೆ ಕಾಣುತ್ತಿತ್ತು. ಅದನ್ನು ತಾಯಿಯ ಮುಂದಿಟ್ಟ.

"ಕೇಳಬೇಕಿತ್ತಿಲ್ಲ? ಒಂದು ಮಾತು ಕೇಳಬೇಕಿತ್ತಿಲ್ಲ?"

"ವರ್ಷಾ ಕೇಳ್ತಿದ್ನೇನಪ್ಪಾ? ಆ ಡಬ್ಬಿ ನೀನೇ ಕೊಟ್ಟೀದಿ."

"ಇಲಿ ಕಡೀಬಾರದಂತ ಡಬ್ಬ್ಯಾಗ ಇಟ್ಟೆ, ಅರಿವ್ಯಾಗ ಸುತ್ತಿಟ್ಟೀನಿ! ಕೆಟ್ಟಿದ್ದಕ್ಕ ಯಾರರ ಅರಿವಿ ಸುತ್ತತಾರ? ಅಷ್ಟೂ ತಿಳಿಯಂಗಿಲ್ಲೇನು ನಿನಗ?"

ಸಂಗಣ್ಣ ಮೂಲೆಯಿಂದ ಎದ್ದ. "ಏ ರಮ್ಯಾ, ದನಿ ತಗ್ಗಸು. ಹೆತ್ತಾಕಿ ಆಕಿ."

"ತಿಳೀಲಾರದಕ್ಕ ಮಾಡ್ಯಾರ್ರಿ," ಅಂದಳು ಲಕ್ಷ್ಮಿ. ಅವಳು ಸಾಮಾನ್ಯವಾಗಿ ನಡುವೆ ಬಾಯಿ ಹಾಕುವವಳಲ್ಲ. "ಎಂಟು ದಿನದಾಗ ತಿರುಗಿ ಕೊಡ್ತೀನಂತ ಹೇಳಿ ತಂದ್ರಿ. ಎರಡು ತಿಂಗಳ ಮ್ಯಾಲಾತು. ಶಹಾಬಾದದಾಗ ಹಿಂತಾ ಟೇಪು ಹಚ್ಚೂ ಮಷಿನ್ ಇತ್ತಲ್ರಿ? ಅಲ್ಲೇ ಹಚ್ಚಿ ಕಂಪ್ಯೂಟರ್‌ದಾಗ ತುಂಬಕೊಂಡಿದ್ರ ಅವತ್ತೇ ಮುಗೀತಿತ್ತು."

"ಅದರ ಹೆಡ್ ಸವದಿತ್ತು, ದನಿ ಮಬ್ಬು ಬರ್ತಿತ್ತು. ಹತ್ತು ಸೆಕೆಂಡ್ ಕೇಳಿ ತಗದೆ. ಹಂತಾ ದನಿ ಹಂತಾ ಮಷಿನ್‌ದಾಗ ಹಾಕೂದಾ?"

"ನಿಮಗ ದನಿ ಚೊಕ್ಕ ಬೇಕಿತ್ತು. ಅವರಿಗಿ ದನಿ ಬೇಕಿತ್ತು."

ರಮೇಶ ಆ ಟೇಪಿನ ತುಂಡನ್ನು ಮರಳಿ ಜೇಬಿಗೆ ಹಾಕಿಕೊಂಡ. ಊಟ ಮಾಡದೆ ಮಲಗಿದ.

ಆಮೇಲಿನ ದಿನಗಳು ಮನೆಗೆ ಭಾರವಾದವು. ರಮೇಶ ಹೊತ್ತು ಮೂಡುವ ಮುಂಚೆ ಚಿತ್ತಾಪುರಕ್ಕೆ ಹೋಗುವನು, ಅಲ್ಲೇ ಖಾನಾವಳಿಯಲ್ಲಿ ಉಣ್ಣುವನು. ತಾಯಿ ಕಟ್ಟಿಟ್ಟ ಬುತ್ತಿ ಗೂಡಿನಲ್ಲಿ ಹಾಗೇ ಉಳಿಯುವುದು. ಸಂಜೆ ಅದನ್ನು ಮಾಳಮ್ಮ ಎಮ್ಮೆಗೆ ಹಾಕುವಳು. ಹಾಡಿನ ಸದ್ದೂ ಇಲ್ಲ. ತಗಡು ಬಡಿಯುವ ಆ ಸದ್ದಿಲ್ಲದೆ ಮನೆ ಸೂತಕದ ಮನೆಯಂತೆ ಕಂಡಿತು ಅವಳಿಗೆ. ವಾಡಿಯಿಂದ ಫೋನು ಬಂದರೆ ರಮೇಶ "ಮಷಿನ್ ಇನ್ನೂ ಬಂದಿಲ್ರಿ ಚಾಚಾ" ಅನ್ನುವನು. ಮಷಿನ್ ಬಂದು ಮೂಲೆಯಲ್ಲಿ ಕೂತಿತ್ತು.

ಐದನೆಯ ದಿನ ಅವನು ತಾನಾಗಿ ಒಲೆಯ ಹತ್ತಿರ ಬಂದು ಕುಂತ. ಟೇಪನ್ನು ಬಿಚ್ಚಿ ತರಬೇಕೆಂದು ಹೊಲಕ್ಕೆ ಹೋಗಿದ್ದನಂತೆ. ಅರವತ್ತು ಎಪ್ಪತ್ತು ತುಂಡು, ಯಾವುದು ಮೊದಲು ಯಾವುದು ಕಡೆಗೆ ಎಂದು ತಿಳಿಯದೆ ಮರಳಿ ಬಂದಿದ್ದ. ನೆಲ ನೋಡುತ್ತ ಕೇಳಿದ.

"ಯವ್ವಾ, ಹೆಂಗ ಕಟ್ಟಿದಿ? ಎಲ್ಲಿಂದ ಸುರು ಮಾಡಿದಿ?"

"ಬನ್ನಿ ಗಿಡದ ಮೂಲಿಯಿಂದ. ಚರಗ ಚೆಲ್ಲಿದ ದಾರೀಲೇ ಹೋಗೀನಿ, ಹೊಲ ಬಲಕ್ಕ ಹಾಕ್ಕೊಂತ. ಸುತ್ತ ಮುಗದ ಮ್ಯಾಲ ನಡುವಿನ ಸಾಲು." ಅವಳು ಕೈ ತೊಳೆದುಕೊಂಡು ಎದ್ದಳು. "ನಡಿ, ತೋರಸ್ತೀನಿ. ಒಂದೊಂದು ಗಂಟೂ ನೆನಪದ ನನಗ."

ನಿಜಕ್ಕೂ ನೆನಪಿತ್ತು. ಎಳ್ಳಮಾಸೆಯ ದಿನ ಭಜ್ಜಿ, ಕಡುಬು ಹೊತ್ತು ಭೂಮಿತಾಯಿಗೆ ಚರಗ ಚೆಲ್ಲುತ್ತ ನಲವತ್ತೆಂಟು ವರ್ಷ ಅವಳು ಆ ಹೊಲವನ್ನು ಸುತ್ತಿದ್ದಾಳೆ. ಹೆಜ್ಜೆ ತಪ್ಪುವುದು ಹೇಗೆ? ಅವಳು ಮುಂದೆ ನಡೆದು ತುಂಡು ತೋರಿಸುವಳು. ಮೊಮ್ಮಗಳು ಸುಶ್ಮಿತಾ, ಪಿಯುಸಿ ಓದುವ ಹುಡುಗಿ, ನಂಬರು ಬರೆದ ಚೀಟಿ ಅಂಟಿಸುವಳು. ಲಕ್ಷ್ಮಿ ತನ್ನ ಹೊಲಿಗೆಯ ಖಾಲಿ ರೀಲುಗಳನ್ನು ತಂದು ಸುತ್ತುವಳು. ಬಡಗಣ ಬದುವಿನಲ್ಲಿ ಹತ್ತು ಮಾರು ಇರಲೇ ಇಲ್ಲ. ಸಂಗಣ್ಣ ತಲೆ ಕೆರೆದುಕೊಂಡು, "ಆಡು ತಿಂದಿರಬೇಕು, ಮೇಯಸಕೊಂತ ನಾ ಆವತ್ತು ಜರಾ ಕಣ್ಣ ಮುಚ್ಚಿದ್ದೆ" ಅಂದ. ಯಾರೂ ಬೈಯಲಿಲ್ಲ.

ಟೇಪು ಬಿಚ್ಚಿದ್ದೇ ತಡ, ಹಕ್ಕಿ ಇಳಿದವು. ಕಾಳು ಇನ್ನೂ ಹಾಲು. ಮಾಳಮ್ಮ ಮನೆಯಿಂದ ಹಳೆಯ ಎಣ್ಣೆಡಬ್ಬಿ ತಂದು ಕೋಲಿನಿಂದ ಬಡಿಯುತ್ತ ಬದುವಿನ ಮೇಲೆ ನಿಂತಳು. ಮುಂಜಾನೆಯಿಂದ ಹೊತ್ತು ಇಳಿಯುವವರೆಗೆ, ಇಪ್ಪತ್ತು ದಿನ. ಸಂಗಣ್ಣ ಕವಣೆ ಬೀಸುತ್ತ ಅವಳನ್ನು ನೋಡಿ ನಕ್ಕ.

"ಮಗ ತಗಡು ಬಡದ್ರ ಬಂದ್ ಮಾಡಂತಿದ್ದಿ. ಈಗ ನೀನೇ ಬಡೀಲಿಕತ್ತೀದಿ ನೋಡು."

"ನಗಬ್ಯಾಡ್ರಿ," ಅಂದಳು ಮಾಳಮ್ಮ. ಅವಳಿಗೆ ಅಳು ಬಂದಿತ್ತು. "ಒಂದು ಹೆಣ್ಣಿನ ದನಿ ಒಯ್ದು ಗೂಟಕ್ಕ ಕಟ್ಟೀನ್ರಿ ನಾನು. ಯಾ ನೀರಾಗ ತೊಳಕೊಂಡ್ರ ಹೋಗ್ತದ ಇದು?"

ಸಂಜೆಯ ಹೊತ್ತು ಮನೆಯಲ್ಲಿ ಬೇರೆ ಕೆಲಸ. ಸಂಗಣ್ಣನ ಹಳೆಯ ಧೋತ್ರ ಹರಿದು ಮೆತ್ತಗಿನ ತುಂಡು ಮಾಡಿ ಅತ್ತೆ ಸೊಸೆ ಟೇಪಿನ ಧೂಳು ಒರೆಸುವರು, ಹುರಿ ಬಿಡಿಸುವರು. ರಮೇಶ ಬ್ಲೇಡಿನಿಂದ ತುದಿ ಕತ್ತರಿಸಿ ತುಂಡಿಗೆ ತುಂಡು ಅಂಟಿಸುವನು. ಮಾತು ಕಡಿಮೆ. ಆದರೆ ಒಂದು ಸಂಜೆ ಅವನು ತಲೆಯೆತ್ತದೆ "ಯವ್ವಾ, ಒಂದು ರೊಟ್ಟಿ ಕೊಡು" ಅಂದ. ಮಾಳಮ್ಮ ಎರಡು ಕೊಟ್ಟಳು. ಅವನು ಎರಡೂ ತಿಂದ. ಲಕ್ಷ್ಮಿ ಮುಖ ಆ ಕಡೆ ತಿರುಗಿಸಿಕೊಂಡು ಕಣ್ಣೊರೆಸಿಕೊಂಡಳು.

"ಖರೇ ಹೇಳಿದಿಯೇನು ಅವ್ರಿಗಿ?" ಮಾಳಮ್ಮ ಕೇಳಿದಳು.

"ಹೇಳ್ತೀನಿ."

"ಯಾವಾಗ?"

"ಹೇಳ್ತೀನಂದ್ನೆಲ್ಲ ಯವ್ವಾ."

ಶಿವರಾತ್ರಿ ಕಳೆದು ಜೋಳದ ರಾಶಿಯಾಯಿತು. ಮರು ಶುಕ್ರವಾರ ರಮೇಶ ಮಷಿನ್ ಕಟ್ಟಿಕೊಂಡು ವಾಡಿಗೆ ಹೊರಟ. ಬೇಡವೆಂದರೂ ಕೇಳದೆ ಮಾಳಮ್ಮ ಹೊಸ ಜೋಳದ ಸಣ್ಣ ಚೀಲ ತೊಡೆಯ ಮೇಲಿಟ್ಟುಕೊಂಡು ಗಾಡಿಯ ಹಿಂದೆ ಕುಂತಳು.

ಹಳಿಯ ಆಚೆ ಎರಡು ಕೋಣೆಯ ಮನೆ. ಅಂಗಳಕ್ಕೆ ಶಹಾಬಾದಿ ಕಲ್ಲಿನ ಪರಸಿ, ತೊಳೆದು ಇನ್ನೂ ಒದ್ದೆಯಿತ್ತು. "ಬರ್ರಿ ಅಕ್ಕೋರೆ, ಬರ್ರಿ, ಕುಂದ್ರಿ" ಎಂದು ದಸ್ತಗೀರ ತಾನೇ ಚಾಪೆ ಹಾಸಿದ. ಹಮೀದಾಬೇಗಂ ಗೋಡೆಗೆ ಒರಗಿ ಕೂತಿದ್ದಳು. ಮಾಳಮ್ಮನದೇ ವಯಸ್ಸು. ಕೊರಳಿಗೆ ಬಿಳಿ ಅರಿವೆ, ಮಡಿಲಲ್ಲಿ ಮಕ್ಕಳ ಪಾಟಿ, ಬಳಪ. ಕೈಯೆತ್ತಿ ಸಲಾಂ ಮಾಡಿ ನಕ್ಕಳು. ಆ ನಗುವಿನ ಮುಂದೆ ಮಾಳಮ್ಮನಿಗೆ ತಲೆ ಎತ್ತಲಾಗಲಿಲ್ಲ.

ರಮೇಶ ಮಷಿನ್ ಹಚ್ಚಿದ. ಮೊದಲು ಬರೀ ಸುಂಯ್ ಸುಂಯ್. ಆಮೇಲೆ ಗಿಟಾರು, ಅದರ ಮೇಲೆ ಒಂದು ಹೆಣ್ಣು ದನಿ ಎತ್ತಿತು, ಒಂದು ಸಾಲು, ಎರಡು ಸಾಲು, ಮುಂದೆ ಕೊಚ್ಚಿಹೋದಂತೆ ಮುಳುಗಿತು. ಮತ್ತೆ ಸದ್ದು. ಮತ್ತೆ ಅರ್ಧ ಪದ. ಎರಡನೆಯ ಹಾಡು ಇರಲೇ ಇಲ್ಲ. ದಸ್ತಗೀರ ಮುಂದಕ್ಕೆ ಬಾಗಿ ಕಿವಿಗೊಟ್ಟ. ಅವನ ಮುಖ ಇಷ್ಟಿಷ್ಟೇ ಇಳಿಯುತ್ತಿತ್ತು. ಹಮೀದಾಬೇಗಂ ಕಣ್ಣು ಮುಚ್ಚಿದ್ದಳು.

ಅರ್ಧ ತಾಸಿನ ಟೇಪಿನಲ್ಲಿ ಒಂದೇ ಒಂದು ತಾವು ಚೊಕ್ಕ ಉಳಿದಿತ್ತು. ಹಾಡಲ್ಲ, ಎರಡು ಹಾಡಿನ ನಡುವಿನ ಬಿಡುವು. ಯಾರೋ ಗಿಟಾರಿನ ತಂತಿ ಬಿಗಿಯುತ್ತಿದ್ದಾರೆ. ಒಂದು ಹುಡುಗಿ, ಇಲ್ಲೇ ಪಕ್ಕದಲ್ಲಿ ಕೂತಿದ್ದಾಳೇನೋ ಅನ್ನುವ ಹಾಗೆ, "ದಸ್ತಗೀರ್, ಹಲ್ಲೂ ಬಜಾ ರೇ! ಮೈ ಕಾಂ ಭಾಗ್ ರಯ್ಯೂಂ?" ಅಂದಳು. ಅಂದು ನಕ್ಕಳು. ಒಳ್ಳೆ ಹೊಟ್ಟೆತುಂಬ ನಗು. ಆಮೇಲೆ ಮತ್ತೆ ಸುಂಯ್ ಸುಂಯ್, ಟೇಪು ಮುಗಿಯಿತು.

ದಸ್ತಗೀರ ಹೆಂಡತಿಯ ಕಡೆ ನೋಡಿದ. "ಮೆಲ್ಲಗ ಬಾರಸು, ನಾ ಎಲ್ಲಿ ಓಡಿ ಹೊಂಟೀನಿ ಅಂದಾಳ್ರಿ ಅಕ್ಕೋರೆ," ಎಂದು ಮಾಳಮ್ಮನಿಗೆ ಹೇಳಿದ. "ಆಗ ಮದಿವಿ ಆಗಿದ್ದಿಲ್ಲ ನಮ್ಮದು." ಆಮೇಲೆ ರಮೇಶನ ಕಡೆ ತಿರುಗಿದ. "ಹಾಡು ಯಾಕ ಬೇಟಾ ಹಿಂಗಾಗ್ಯಾವ?"

ರಮೇಶ ಮಷಿನ್ನಿನ ಕಡೆ ನೋಡುತ್ತ ಹೇಳಿದ. "ಐವತ್ತು ವರ್ಷದ ಟೇಪು ಚಾಚಾ. ಇಟ್ಟಿಟ್ಟೇ ಕೆಡ್ತಾವ. ನನಗ ಬಂದಾಗೇ..."

"ಸುಳ್ಳದ," ಅಂದಳು ಮಾಳಮ್ಮ.

ತಾನು ಇಷ್ಟು ಗಟ್ಟಿಯಾಗಿ ಹೇಳುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ. ಕೈ ಜೋಡಿಸಿ ಹಮೀದಾಬೇಗಂಳ ಮುಖ ನೋಡಿಯೇ ಹೇಳಿದಳು.

"ಅದು ಕೆಟ್ಟಿದ್ದಿಲ್ರಿ ಯವ್ವಾ. ನಾ ಕೆಡಿಸೀನಿ. ನನಗ ತಿಳೀಲಿಲ್ಲ. ಹಕ್ಕಿ ಹೊಡಿಯೂ ಟೇಪಂತ ತಿಳದು ಜೋಳದ ಹೊಲಕ್ಕ ಕಟ್ಟಿದೆ. ಬಿಸಲಾಗ, ಇಬ್ಬನ್ಯಾಗ ಇಪ್ಪತ್ತು ದಿನ ಇತ್ತು. ನಿಮ್ಮ ದನಿ ನಾ ಹಾಳು ಮಾಡೀನಿ. ಏನಂತೀರಿ ಅನ್ರಿ."

"ಆಕಿ ತಪ್ಪಲ್ರಿ." ರಮೇಶ ಮಷಿನ್ ಬಿಟ್ಟು ಎದುರಿಗೆ ಬಂದು ಕುಂತ. "ನಂದು. ಶಹಾಬಾದದಾಗ ಅವತ್ತೇ ತುಂಬಕೋಬಹುದಿತ್ತು. ನಾನೇ ಮೊದಲು ಕಂಡುಹಿಡದೀನಿ, ಹೊಸಾದರಂಗ ಮಾಡಿ ಎಲ್ಲಾರಿಗಿ ಕೇಳಸ್ಬೇಕು, ಮಂದಿ ನನಗ ಭೇಷ್ ಅನಬೇಕು ಅಂತ ಇಟಗೊಂಡು ಕುಂತೆ. ಮ್ಯಾಲ ಸುಳ್ಳು ಹೇಳೀನಿ ನಿಮಗ."

ಹಳಿಯ ಮೇಲೆ ಗೂಡ್ಸು ಗಾಡಿಯೊಂದು ಹೋಯಿತು. ಅದು ದಾಟಿದ ಮೇಲೆ ಹಮೀದಾಬೇಗಂ ಪಾಟಿ ಎತ್ತಿಕೊಂಡಳು. ಬಳಪ ಕಿರ್ರೆಂದಿತು. ಬರೆದು ಗಂಡನ ಕಡೆ ತಿರುಗಿಸಿದಳು. ದಸ್ತಗೀರ ಓದಿದ, ಮತ್ತೊಮ್ಮೆ ಓದಿದ.

"ಜೋಳ ಉಳೀತೇನು ಅಂತ ಕೇಳ್ತಾಳ್ರಿ ಅಕ್ಕೋರೆ."

ಮಾಳಮ್ಮನಿಗೆ ತಡೆಯಲಾಗಲಿಲ್ಲ. ಅಳುತ್ತಲೇ ಚೀಲದ ಬಾಯಿ ಬಿಚ್ಚಿದಳು. "ಇದು ಇದ್ದಾಗ ಒಂದು ಹಕ್ಕಿ ಇಳೀಲಿಲ್ರಿ ಯವ್ವಾ. ಬಿಚ್ಚಿದ ಮ್ಯಾಲ ಒಂದಿಷ್ಟು ಹೋತು. ಅರ್ಧದ ಮ್ಯಾಲ ಉಳದದ. ನಿಮಗಂತ ತಂದೀನಿ."

ಹಮೀದಾಬೇಗಂ ಚೀಲದಲ್ಲಿ ಕೈ ಹಾಕಿ ಒಂದು ಹಿಡಿ ಕಾಳು ತೆಗೆದು ನೋಡಿದಳು. ಬೆಳ್ಳಗೆ, ದುಂಡಗೆ ಇದ್ದವು. ಅವನ್ನು ಮರಳಿ ಚೀಲಕ್ಕೆ ಬಿಟ್ಟು, ಧೂಳು ಹತ್ತಿದ ಆ ಕೈಯಿಂದಲೇ ಮಾಳಮ್ಮನ ಕೈ ಹಿಡಿದಳು. ಬಿಡಲಿಲ್ಲ.

ರಮೇಶ ಎದ್ದು ಮಷಿನ್ನಿನ ವಾಯರು ಕೀಳಲು ಹೋದ. ಸದ್ದು ಮುಗಿದ ಮೇಲೆ ಖಾಲಿ ಚಕ್ರ ಸುಮ್ಮನೆ ತಿರುಗುತ್ತಿತ್ತು.

"ಬಂದ್ ಮಾಡಬ್ಯಾಡ," ಅಂದಳು ಮಾಳಮ್ಮ.

ಮಗ ತಿರುಗಿ ನೋಡಿದ.

"ಆ ನಗೂದು ಅದಲ್ಲ, ಅದು. ಅದನ್ನ ಇನ್ನೊಮ್ಮಿ ಹಚ್ಚಪ್ಪಾ."

ಅವನು ಟೇಪು ಹಿಂದಕ್ಕೆ ಸುತ್ತಿ, ಬೆರಳಲ್ಲಿ ಹುಡುಕಿ ಹಿಡಿದು, ಹಚ್ಚಿದ. ತಂತಿ ಬಿಗಿಯುವ ಸದ್ದು ಬಂತು. ಇಪ್ಪತ್ತು ವರ್ಷದ ಹುಡುಗಿ ದಸ್ತಗೀರನನ್ನು ಗದರಿಸಿದಳು, ನಕ್ಕಳು. ಮಾಳಮ್ಮನ ಕೈ ಹಿಡಿದು ಕೂತ ಮುದುಕಿಯ ಹೆಗಲು ಆ ನಗುವಿನ ಜೊತೆಗೇ ಕುಣಿದವು, ಬಾಯಿ ತೆರೆಯಿತು, ಕಣ್ಣಲ್ಲಿ ನೀರು ಬಂತು, ಮತ್ತು ಆ ಕೋಣೆಯಲ್ಲಿ ಹಮೀದಾಬೇಗಂ ನಕ್ಕದ್ದು ಎಲ್ಲರಿಗೂ ಕೇಳಿಸಿತು.